ಕನ್ನಡಿಯಂಥ ಕರಿಚುಕ್ಕೆ

ಸತ್ತ ಅಪ್ಪನ ಕಾಲ ಬಳಿ ಕೂತು ಅಳುತ್ತಿದ್ದ ಮಗಳು ಅಳುವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದು, ಪಕ್ಕದ ಕೋಣೆಯಲ್ಲಿ ನೀರಿನ ಸೀಸ ಅಳೆಯುವ ಎಲೆಕ್ಟ್ರೋಡ್ ತಿಕ್ಕತೊಡಗಿದ್ದಳು. ಪೆನ್ನಿನಷ್ಟು ಉದ್ದದ ಕಡ್ಡಿ. ಅದರ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಇಂಗಾಲದ ಕರಿಚುಕ್ಕೆ. ನಯವಾದ ಬಟ್ಟೆಗೆ ಬಿಳಿ ಪುಡಿಯ ಕೆಸರು ಹಚ್ಚಿ, 8ರ ಆಕಾರದಲ್ಲಿ ಸುತ್ತಿ ಸುತ್ತಿ ತಿಕ್ಕಬೇಕು. ಅಪ್ಪ ತಿಕ್ಕಿದರೆ ಆ ಚುಕ್ಕೆಯಲ್ಲಿ ಮುಖ ನೋಡಿಕೊಂಡು ಮೂರು ಬೀದಿಯ ಗಂಡಸರು ಗಡ್ಡ ಹೆರೆದುಕೊಳ್ಳಬಹುದಿತ್ತು. ನಂಬಿಕೆ ಬಾರದಿದ್ದರೆ ಎರಡು ಬೀದಿ ಎಂದಿಟ್ಟುಕೊಳ್ಳಿ, ಅದಕ್ಕಿಂತ ಕೆಳಗಿಳಿಯಲಾರೆ.

"ಮನೇಲಿ ಹೆಣ ಇಟ್ಕೊಂಡು ಇದೆಂಥ ಉಜ್ಜಾಟನೇ ನಿಂದು? ನಾಲ್ಕು ಗಂಟೆಗೆ ಗಾಡಿ ಬರುತ್ತೆ," ಎಂದಳು ಸೋದರತ್ತೆ.

"ಅಷ್ಟರೊಳಗೆ ಮುಗಿಯುತ್ತೆ ಅತ್ತೆ."

ಇದಕ್ಕೆಲ್ಲ ಕಾರಣ ನೀರು ಸರಬರಾಜಿನ ಇಂಜಿನಿಯರು. ಗಾಡಿಯ ಚಕ್ರದಷ್ಟು ದೊಡ್ಡ ಹೂಹಾರ ಹೊತ್ತು ಬಂದವನು ಹಾರ ಇಟ್ಟು ಸುಮ್ಮನೆ ಹೋಗಬಾರದಿತ್ತೇ? ಐವತ್ತು ಜನರ ಮುಂದೆ ಲೊಚಗುಟ್ಟಿದ. ಪಾಪ, ಕೊನೆಗಾಲದಲ್ಲಿ ಮುದುಕನ ಕೈ ನಡುಗುತ್ತಿತ್ತು; ಸೀಸ ಇದ್ದದ್ದು ಎದುರಿನ ಶಾಲೆಯ ನೀರಿನಲ್ಲಲ್ಲ, ಅವನ ಕೊಳಕು ಕಡ್ಡಿಯಲ್ಲಿ; ಅವನು ಕೊಟ್ಟಿದ್ದ ದೂರನ್ನು ನಾಳೆಯೇ ಮುಚ್ಚಿಬಿಡುತ್ತೇನೆ ಎಂದ. ಐವತ್ತು ತಲೆಗಳು ಹೌದೆಂದು ಅಲ್ಲಾಡಿದವು. ಮಗಳು ಕಣ್ಣೊರೆಸಿಕೊಂಡು ಎದ್ದಳು.

"ಅಪ್ಪನ ಕೈ ನಡುಗ್ತಿದ್ದಿದ್ದು ನಿಜ ಸರ್," ಎಂದಳು. "ಅದಕ್ಕೇ ಈ ವರ್ಷ ತಿಕ್ಕಿದ್ದು, ಅಳೆದಿದ್ದು ಎಲ್ಲ ನಾನು. ಕೊಳಕು ಅನ್ನೋದಾದ್ರೆ ನನಗನ್ನಿ. ನೀವೇ ನೀರು ಹಿಡಿದು ತನ್ನಿ, ಈಗಲೇ ಅಳೀತೀನಿ."

ಅಷ್ಟು ಜನರ ಎದುರು ಇಂಜಿನಿಯರು ಬೇಡವೆನ್ನುವುದಾದರೂ ಹೇಗೆ?

*

ಅಪ್ಪ ಕಾಲೇಜಿನ ಪ್ರಯೋಗಾಲಯದಲ್ಲಿ ನಲವತ್ತು ವರ್ಷ ಸಹಾಯಕನಾಗಿದ್ದವನು. ನಿವೃತ್ತಿಯ ದಿನ, ಗುಜರಿಗೆ ಹೊರಟಿದ್ದ ಹಳೇ ಯಂತ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದ. ಬೀದಿಯ ನಲ್ಲಿಗಳನ್ನೆಲ್ಲ ಅಳೆದು 'ಸೀಸಪ್ಪ' ಎನ್ನಿಸಿಕೊಂಡ. ಕೈ ನಡುಗತೊಡಗಿದಾಗ, ಗಡಿಯಾರ ರಿಪೇರಿ ಮಾಡುವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡ. ಅವಳ ಕೈಯೋ, ಭೂಮಿ ನಡುಗಿದರೂ ನಡುಗದ ಕೈ.

"ಸೀಸ ಅಂದ್ರೆ ಒಬ್ಬೊಬ್ಬರಾಗಿ ಬರೋ ನೆಂಟರು ಕಣಮ್ಮ," ಎನ್ನುತ್ತಿದ್ದ. "ಮೊದಲು ಚಾಪೆ ಹಾಸು."

ಚಾಪೆಯೆಂದರೆ ಬಿಸ್ಮತ್ ಎಂಬ ಲೋಹ. ಅದರ ದ್ರಾವಣದ ನಾಲ್ಕು ಹನಿ ನೀರಿಗೆ ಬಿಟ್ಟು ವಿದ್ಯುತ್ ಹರಿಸಿದರೆ ಕರಿಚುಕ್ಕೆಯ ಮೇಲೆ ಬೂದು ಬಣ್ಣದ ತೆಳ್ಳನೆ ಪೊರೆ ಕೂರುತ್ತದೆ. ನೀರಿನ ಸೀಸವೂ ಬಂದು ಆ ಪೊರೆಯಲ್ಲಿ ಮಲಗುತ್ತದೆ. ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋದರೆ ಒಂದೊಂದು ಲೋಹವೂ ತನ್ನ ಸರದಿ ಬಂದಾಗ ಎದ್ದು ಹೋಗುತ್ತದೆ. ಅದು ಎದ್ದಾಗ, ಯಂತ್ರದ ಮುಳ್ಳು ಕಾಗದದ ಮೇಲೆ ಎಳೆಯುವ ಗೆರೆಯಲ್ಲಿ ದಿಬ್ಬ ಏಳುತ್ತದೆ.

"ನಲ್ಲಿ ತಿರುಗಿಸಿದ ತಕ್ಷಣ ಬರೋ ನೀರನ್ನೇ ಹಿಡಿ," ಎನ್ನುವುದು ಅವನ ಇನ್ನೊಂದು ಪಾಠ. "ರಾತ್ರಿಯಿಡೀ ನಿಂತ ನೀರಿಗೆ ಕೊಳವೆಯ ಸೀಸ ಇಳಿದಿರುತ್ತೆ. ಬೆಳಿಗ್ಗೆ ಮಕ್ಕಳು ಕುಡಿಯೋದು ಅದನ್ನೇ."

*

ಇಂಜಿನಿಯರು ಶಾಲೆಯ ಮುಂಬಾಗಿಲ ನಲ್ಲಿ ತಿರುಗಿಸಿ, ಇಲಾಖೆಯ ಪದ್ಧತಿಯಂತೆ ಐದು ನಿಮಿಷ ನೀರು ಹರಿಯಬಿಟ್ಟು, ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಕೊಂಡ. ಮಗಳು ಕಿಟಕಿಯಿಂದ ಅದನ್ನೆಲ್ಲ ನೋಡಿ, ಬಂದ ಬಾಟಲಿಗೆ ಕೈಚಾಚಿದಳು. ಅಳೆದಳು. ಸೀಸದ ಜಾಗದಲ್ಲಿ ಗೆರೆ ಇಸ್ತ್ರಿ ಹಾಕಿದಂತೆ ಸಪಾಟು.

"ಎಲ್ಲಿದೆಯಮ್ಮ ನಿನ್ನ ಸೀಸ?"

"ಇಲ್ಲ ಸರ್. ಅಂದ್ರೆ ನನ್ನ ಕಡ್ಡಿ ಚೊಕ್ಕವಾಗಿದೆ ಅಂತ ಒಪ್ಕೊಂಡ್ರಿ ತಾನೇ?"

"ಒಪ್ಪದೆ ಏನು? ಒಪ್ಪಿದೆ."

"ಹಾಗಾದ್ರೆ ಇನ್ನೊಂದು ಬಾಟಲಿ. ಹಿತ್ತಲ ನಲ್ಲಿಯಿಂದ, ಅದಕ್ಕೆ ಬೇರೆ ಕೊಳವೆ. ಈ ಸಲ ಹರಿಯಬಿಡಬೇಡಿ. ಅಪ್ಪ ಹೋದ ಅಂತ ಶಾಲೆಗೆ ನಿನ್ನೆಯಿಂದ ರಜೆ, ನೀರು ಕೊಳವೆಯಲ್ಲೇ ನಿಂತಿದೆ."

"ಸತ್ತ ಮೇಲೂ ಕೆಲಸ ಬಿಡಲ್ಲ ನಮ್ಮಣ್ಣ," ಎಂದಳು ಅತ್ತೆ, ಸೆರಗಿನಲ್ಲಿ ಮೂಗೊರೆಸಿಕೊಂಡು.

ಎರಡನೆಯ ಬಾಟಲಿ ಬಂತು. ಮಗಳು ಚುಕ್ಕೆಯನ್ನು ಮತ್ತೆ ತಿಕ್ಕಿ, ಹೊಸ ಪೊರೆ ಕೂರಿಸಿದಳು. ಹೆಣವನ್ನು ಒಂಟಿಯಾಗಿ ಬಿಟ್ಟು ಐವತ್ತು ಜನವೂ ಆ ಕೋಣೆಯ ಬಾಗಿಲಿಗೆ ನುಗ್ಗಿದರು. ಹೆಣ ಬೇಸರಿಸಿಕೊಳ್ಳಲಿಲ್ಲ, ಆಗುವಂತಿದ್ದರೆ ಅದೇ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿತ್ತು. ಯಂತ್ರದ ಮುಳ್ಳು ಸಪಾಟಾಗಿ ಗೀಚುತ್ತ ಹೋಯಿತು. ಸೀಸದ ಸರದಿ ಬಂತು. ಎದ್ದದ್ದು ದಿಬ್ಬವಲ್ಲ, ಪರ್ವತ. ಮುಳ್ಳು ಕಾಗದದ ಅಂಚಿಗೆ ಹೋಗಿ ಟಕ್ಕೆಂದು ಬಡಿಯಿತು.

ಮಗಳು ಬೀಗಲಿಲ್ಲ. ಅಂಚು ಮುಟ್ಟದಂತೆ ಮುಳ್ಳಿನ ಜಿಗಿತ ತಗ್ಗಿಸಿ ಒಮ್ಮೆ ಅಳೆದಳು, ಅಳತೆ ಗೊತ್ತಿದ್ದ ಸೀಸದ ಒಂದು ಹನಿಯನ್ನು ಅದೇ ನೀರಿಗೆ ಬಿಟ್ಟು ಇನ್ನೊಮ್ಮೆ ಅಳೆದಳು. ಪರ್ವತ ಅದೇ ಜಾಗದಲ್ಲಿ ಇನ್ನಷ್ಟು ಬೆಳೆಯಿತು. ಬೇರೆ ಲೋಹವೆಂದು ಜಾರಿಕೊಳ್ಳಲು ಸಂದಿಯೇ ಉಳಿಯಲಿಲ್ಲ.

ಇಂಜಿನಿಯರು ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. "ಮಿತಿಗಿಂತ ಎಷ್ಟು ಪಟ್ಟು?"

"ಆರು. ನಾಳೆ ಬೆಳಿಗ್ಗೆ ಮಕ್ಕಳು ಬರ್ತಾರೆ ಸರ್."

ಅವನು ಜನರನ್ನು ಸರಿಸಿಕೊಂಡು ಹೊರಗೆ ಹೋದ.

*

ಗಾಡಿ ಹೊರಟಾಗ ನಾಲ್ಕೂಕಾಲು. ಮುಂದಿನ ಸೀಟಿನಲ್ಲಿ ಮಗಳು, ಬೆರಳ ಸಂದಿಯಲ್ಲಿ ಇನ್ನೂ ಬಿಳಿ ಪುಡಿ. ಶಾಲೆಯ ಗೇಟಿನ ಮುಂದೆ ಚಾಲಕ ಬ್ರೇಕು ಒತ್ತಿದ. ರಸ್ತೆಯ ಕಬ್ಬಿಣದ ಮುಚ್ಚಳ ತೆರೆದಿತ್ತು. ಇಸ್ತ್ರಿ ಕೆಡದ ಬಿಳಿ ಅಂಗಿಯಲ್ಲಿ ಬಂದಿದ್ದ ಇಂಜಿನಿಯರು ಕೆಸರಿನಲ್ಲಿ ಬೋರಲು ಬಿದ್ದು, ಭುಜದವರೆಗೂ ತೋಳನ್ನು ಗುಂಡಿಗಿಳಿಸಿ, ಶಾಲೆಗೆ ನೀರು ಬಿಡುವ ತುಕ್ಕು ಹಿಡಿದ ವಾಲ್ವನ್ನು ಹಲ್ಲು ಕಚ್ಚಿ ತಿರುಗಿಸಿ ಮುಚ್ಚುತ್ತಿದ್ದ. ಗಾಡಿ ಕಂಡು ಬೀದಿಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಅವನೊಬ್ಬ ಏಳಲಿಲ್ಲ. ಅವನಿಗಿನ್ನೂ ನಾಲ್ಕು ಸುತ್ತು ಬಾಕಿಯಿತ್ತು.