ಮಗ್ಗದ ಮೇಲೆ ಮಲಗಿದ ದಿಲ್ಸರಾ

ನೂಲಿಗೆ ಗಿಡಮೂಲಿಕೆಯ ಬಣ್ಣ ಹಾಕುವುದನ್ನು ಕಲಿಸಲು ಎರಡು ವರ್ಷದ ಮಾತಿನ ಮೇಲೆ ನೇಪಾಳದ ತಾನ್‌ಸೆನ್‌ಗೆ ಬಂದ ಚಿಜುಕೊ, ಆರು ವರ್ಷವಾದರೂ ಜಪಾನಿಗೆ ಹಿಂತಿರುಗಿರಲಿಲ್ಲ. ಊರ ನಡುವಿನ ಶೀತಲಪಾಟಿ ಚೌಕದಿಂದ ಕೆಳಗಿಳಿಯುವ ಕಲ್ಲುಹಾದಿಯಲ್ಲಿ, ಹದಿನಾಲ್ಕು ಮಗ್ಗಗಳ ಢಾಕಾ ಬಟ್ಟೆಯ ನೇಯ್ಗೆಮನೆಯಲ್ಲಿ ಅವಳಿಗೆ ಕೆಲಸವಿತ್ತು. ಅದರ ಮಹಡಿಯ ಮೇಲೊಂದು ಕೋಣೆಯಿತ್ತು. ನೇಯುವ ಹೆಂಗಸರೆಲ್ಲ ಅವಳನ್ನು ಚಿಜು ದಿದಿ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ನಂದಕಲಿ ಕೂಡ ಹಾಗೆಯೇ ಅಕ್ಕ ಎನ್ನುತ್ತಿದ್ದಳು, ಬೇಕೆಂದೇ.

ಚಿಜುಕೊಳ ಕೊರಳಲ್ಲಿ ಯಾವಾಗಲೂ ಒಂದು ಪುಟ್ಟ ಕ್ಯಾಮರಾ. ಮೊದಮೊದಲು ಅದನ್ನು ಎತ್ತಿದ ಕೂಡಲೇ ಹೆಂಗಸರು ನೇಯುವುದನ್ನು ಬಿಟ್ಟು, ಶಾಲು ಸರಿಮಾಡಿಕೊಂಡು, ಪಾಸ್‌ಪೋರ್ಟಿಗೆ ಕೂತವರಂತೆ ಬಿಗಿಯಾಗುತ್ತಿದ್ದರು. ಚಿಜುಕೊಗೆ ಬೇಕಿದ್ದದ್ದು ಶಾಲು ಸರಿಮಾಡಿಕೊಳ್ಳುವುದಕ್ಕೆ ಮುಂಚಿನ ಮುಖ. ಬರಬರುತ್ತಾ ಅವರು ಕ್ಯಾಮರಾವನ್ನು ಲೆಕ್ಕಕ್ಕೇ ಇಡದಾದರು, ಅವಳ ಕೈಯೂ ಚುರುಕಾಯಿತು. ಒಣಹಾಕಿದ ನೂಲಿನಡಿಯಲ್ಲಿ ಬಗ್ಗಿ ಹೋಗುವವರು, ಒಬ್ಬರ ಹೇನು ಇನ್ನೊಬ್ಬರು ತೆಗೆಯುವವರು, ಬಿಸಿಲಿಗೆ ಬೆನ್ನು ಕೊಟ್ಟು ಕಿತ್ತಳೆ ಸುಲಿಯುವವರು.

"ಇವಳ ಕ್ಯಾಮರಾಕ್ಕೆ ತಲೆ ಬಾಚಿಕೊಂಡು ಬಂದ್ರೆ ಪ್ರಯೋಜನ ಇಲ್ಲ ಕಣ್ರೇ," ಎನ್ನುತ್ತಿದ್ದಳು ನಂದಕಲಿ. "ಬಾಯಲ್ಲಿ ಅನ್ನ ಇರಬೇಕು, ಇಲ್ಲಾ ಮೂಗಲ್ಲಿ ಬೆರಳಿರಬೇಕು. ಆಗ ನೋಡಿ, ಓಡಿ ಬರ್ತಾಳೆ."

ಅವರೆಲ್ಲರಲ್ಲಿ ಚಿಜುಕೊಗೆ ಹೆಚ್ಚು ಹತ್ತಿರದವಳು ದಿಲ್ಸರಾ. ಇಪ್ಪತ್ತೊಂಬತ್ತರ ಮಗರ್ ಜನಾಂಗದ ಹೆಂಗಸು, ಮಾತು ಜಾಸ್ತಿ, ಕೈಯಲ್ಲಿ ಎಳೆ ಹರಿಯುವುದು ಕಡಿಮೆ. ಗಂಡ ಟೇಕ್ ಬಹಾದುರ್ ಮೂರು ವರ್ಷದಿಂದ ಮಲೇಷ್ಯಾದ ಒಂದು ಕಾರ್ಖಾನೆಯಲ್ಲಿ ಕಾವಲುಗಾರ. ಅತ್ತೆಯೊಂದಿಗೆ ಊರಂಚಿನಲ್ಲಿ ಮನೆ. ಮೊದಲ ಚಳಿಗಾಲದಲ್ಲಿ ಚಿಜುಕೊಗೆ ಜ್ವರ ಬಂದಾಗ ಹನ್ನೊಂದು ದಿನ ಜಾವಲು ಗಂಜಿ ಮಾಡಿ ಹೊತ್ತು ತಂದವಳು ಇವಳೇ. ಭಾಷೆ ಕಲಿಸಿದವಳೂ ಇವಳೇ. ಬೈಗುಳದಿಂದ ಶುರು ಮಾಡಿದ್ದಳು.

ಆ ವರ್ಷ ಹೆಂಗಸರ ತೀಜ್ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಚಿಜುಕೊ ವೀಸಾ ಕೆಲಸಕ್ಕೆ ಕಾಠ್ಮಂಡುವಿಗೆ ಹೋಗಿದ್ದಳು. ಹಿಂತಿರುಗಿ ಬಸ್ಸಿಳಿದು ನೇರ ನೇಯ್ಗೆಮನೆಗೆ ಬಂದರೆ, ಕಿಟಕಿ ಪಕ್ಕದ ಮಗ್ಗದಲ್ಲಿ ದಿಲ್ಸರಾ ಅರ್ಧ ನೇಯ್ದ ಬಟ್ಟೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಬಾಯಿ ಕೊಂಚ ತೆರೆದಿತ್ತು. ಕೈಯಿಂದ ಲಾಳಿ ಜಾರುವುದರಲ್ಲಿತ್ತು. ಬೆಳಕು ಹಣೆಯ ಮೇಲೆ ಬಿದ್ದಿತ್ತು. ಚಿಜುಕೊ ಉಸಿರು ಬಿಗಿಹಿಡಿದು ಮೂರು ಸಲ ಒತ್ತಿದಳು. ಎಬ್ಬಿಸಲಿಲ್ಲ. ಆಮೇಲೆ ಆ ವಿಷಯ ಅವಳಿಗೂ ಮರೆತುಹೋಯಿತು.

ಚಳಿಗಾಲದಲ್ಲಿ ಜಪಾನಿನ ಚಿಜುಕೊಳ ಊರಿನ ಗ್ರಂಥಾಲಯದವರು ಅವಳ ನಲವತ್ತು ಫೋಟೋ ತರಿಸಿಕೊಂಡು ಗೋಡೆಗೆ ಹಾಕಿದರು. ಪ್ರತಿಯೊಂದರ ಕೆಳಗೂ ಒಂದು ಸಾಲು ಬರೆದುಕೊಡಿ ಎಂದಿದ್ದರು. ಮಗ್ಗದ ಮೇಲೆ ಮಲಗಿದ ದಿಲ್ಸರಾಳ ಕೆಳಗೆ ಚಿಜುಕೊ ಬರೆದ ಸಾಲು ಇಷ್ಟೇ: 'ದಿನವೆಲ್ಲ ದುಡಿದು ಸೋತವಳು. ಗಂಡ ಪರದೇಶದಲ್ಲಿ.' ಆ ಊರಿನ ಹೋಟೆಲೊಂದರಲ್ಲಿ ತಾನ್‌ಸೆನ್‌ ಇರುವ ಪಾಲ್ಪಾ ಜಿಲ್ಲೆಯವನೊಬ್ಬ ಅಡುಗೆಗಿದ್ದ. ಅವನು ಗೋಡೆಯ ಮೇಲೆ ತನ್ನೂರ ಮಗ್ಗ ಕಂಡು ಹಿಗ್ಗಿ ಮೊಬೈಲಿನಲ್ಲಿ ಹಿಡಿದ, ಸಾಲನ್ನು ನೇಪಾಳಿಗೆ ಬದಲಿಸಿ ಊರವರ ಗುಂಪಿಗೆ ಹಾಕಿದ. ಅಲ್ಲಿಂದ ಅದು ದೋಹಾಕ್ಕೆ, ದುಬೈಗೆ, ಮಲೇಷ್ಯಾಕ್ಕೆ ಹೋಗಿ ಮೂರನೇ ದಿನ ತಾನ್‌ಸೆನ್‌ಗೇ ವಾಪಸು ಬಂತು.

ದಿಲ್ಸರಾ ಮೆಟ್ಟಿಲು ದಡದಡ ಹತ್ತಿ ಬಂದು, ಬಣ್ಣದ ಹಂಡೆಯ ಮುಂದಿದ್ದ ಚಿಜುಕೊಳ ಮೂಗಿಗೆ ತಾಗುವಷ್ಟು ಹತ್ತಿರ ಫೋನು ಹಿಡಿದಳು.

"ಇದೇನು?"

"ನಿನ್ನ ಫೋಟೋ. ತುಂಬಾ ಚೆನ್ನಾಗಿ..."

"ಫೋಟೋ ಬಿಡು. ಕೆಳಗಿರೋದು ಏನು? ಯಾರು ಸೋತಿದ್ದು?"

"ನಾನು ಕಾಠ್ಮಂಡುವಿಂದ ಬಂದ ದಿನ ನೀನು ಕೆಲಸ ಮಾಡ್ತಾ ಹಾಗೇ..."

"ಅವತ್ತಿನ ಹಿಂದಿನ ದಿನ ನಂದಕಲಿ ಮನೇಲಿ ತೀಜ್ ಊಟ ಇತ್ತು ದಿದಿ! ಮೂಗಿನ ತನಕ ತಿಂದು, ಕೋಳಿ ಕೂಗೋ ತನಕ ಕುಣಿದಿದ್ವಿ. ನಾನೊಬ್ಬಳೇ ಹದಿನೇಳು ಹಾಡು ಹೇಳಿದೀನಿ. ಅದಕ್ಕೇ ನಿದ್ದೆ ಬಂದಿತ್ತು. ಕೇಳಿದ್ರೆ ಹೇಳ್ತಿರಲಿಲ್ವಾ?"

ಕೆಳಗಿನಿಂದ ನಂದಕಲಿ ಕೂಗಿದಳು: "ಹದಿನೇಳಲ್ಲ, ಹತ್ತೊಂಬತ್ತು! ಎರಡು ನಿನ್ನ ಅತ್ತೆ ಮೇಲೆ!"

ಯಾರೂ ನಗಲಿಲ್ಲ. ದಿಲ್ಸರಾಳ ಕಣ್ಣು ತುಂಬಿತ್ತು. "ಟೇಕ್ ಫೋನ್ ಮಾಡಿ ಅತ್ತುಬಿಟ್ಟ. ನಾನು ಮೂರು ವರ್ಷದಿಂದ ಚೆನ್ನಾಗಿದೀನಿ ಅಂದಿದ್ದೆಲ್ಲ ಸುಳ್ಳಂತೆ. ಅತ್ತೆ ನಿನ್ನೆಯಿಂದ ಹೊರಗೆ ಕಾಲಿಟ್ಟಿಲ್ಲ. ಸೊಸೇನ ಗಾಣಕ್ಕೆ ಕಟ್ಟಿದ್ದಾಳೆ ಅಂತ ನೀರಿನ ಹತ್ರ ಹೆಂಗಸರು ಆಡ್ಕೊಳ್ತಿದಾರೆ. ಪಾಪ, ಅವಳೇ ಬೆಳಿಗ್ಗೆ ನನಗೆ ಚಹಾ ಕೊಡೋದು!"

ಚಿಜುಕೊ ಅಂದೇ ಗ್ರಂಥಾಲಯಕ್ಕೆ ಬರೆದು ಆ ಫೋಟೋ ತೆಗೆಸಿದಳು. ದಿಲ್ಸರಾಳ ಮನೆಗೆ ಹೋಗಿ ಅತ್ತೆಯ ಕಾಲು ಮುಟ್ಟಿದಳು. ಮುದುಕಿ ಕಾಲು ಹಿಂದೆಳೆದುಕೊಂಡಳು. ಟೇಕ್‌ಗೆ ಫೋನು ಮಾಡಿ ಊಟದ, ಹಾಡಿನ ಕತೆಯೆಲ್ಲ ಹೇಳಿದಳು.

"ಇರಲಿ ದಿದಿ," ಎಂದ ಅವನು. "ಟಿಕೆಟ್ ಆಗಿಹೋಗಿದೆ."

ಮಾಘದ ಚಳಿಯಲ್ಲಿ, ಕಣಿವೆ ತುಂಬ ಬಿಳಿ ಮಂಜು ನಿಂತಿದ್ದ ಒಂದು ಬೆಳಿಗ್ಗೆ ಟೇಕ್ ಬಂದಿಳಿದ. ಕರಾರು ಮುಗಿಯಲು ಇನ್ನೂ ಒಂದು ವರ್ಷವಿತ್ತು. ನಡುವೆ ಬಿಟ್ಟು ಬಂದವನನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಮನೆಗೊಂದು ಮಹಡಿ ಏರಿಸಬೇಕೆಂಬ ದಿಲ್ಸರಾಳ ಆಸೆ ಅಲ್ಲಿಗೆ ನಿಂತಿತು. ಅವಳು ಚಿಜುಕೊಳ ಜೊತೆ ಮಾತು ಬಿಟ್ಟಳು. ಎದುರು ಸಿಕ್ಕರೆ ನೂಲಿನ ಬಣ್ಣದ ಹೆಸರು ಹೇಳಿ ಕೈಚಾಚುತ್ತಿದ್ದಳು, ಅಷ್ಟೇ. ಚಿಜುಕೊ ಕ್ಯಾಮರಾವನ್ನು ಪೆಟ್ಟಿಗೆಯೊಳಗಿಟ್ಟಳು. ಅದೆಲ್ಲಿ ಎಂದು ಯಾರೂ ಕೇಳಲಿಲ್ಲ; ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಒಂದು ತಿಂಗಳ ಮೇಲೆ, ಕರೆಯದೆಯೇ, ದಿಲ್ಸರಾ ಮಹಡಿ ಹತ್ತಿ ಬಂದು ಚಾಪೆಯ ಮೇಲೆ ಕೂತಳು. "ನನ್ನ ಫೋಟೋ ಎಷ್ಟಿದೆಯೋ ಎಲ್ಲಾ ತೋರಿಸು."

ಆರು ವರ್ಷದ್ದು ಮುನ್ನೂರಕ್ಕೂ ಮೇಲಿತ್ತು. ದಿಲ್ಸರಾ ಒಂದೊಂದನ್ನೂ ನೋಡಿ ತೀರ್ಪು ಕೊಡುತ್ತಾ ಹೋದಳು. "ಇದು ಬೇಡ, ಹಲ್ಲಲ್ಲಿ ಸೊಪ್ಪಿದೆ. ಇದು ಇರಲಿ. ಇದು ಅಮ್ಮ ತೀರಿಹೋದ ವಾರ. ತೆಗೆದಿದ್ದೇ ಗೊತ್ತಿರಲಿಲ್ಲ ನನಗೆ. ಬೇಡ... ಇಲ್ಲ, ಇರಲಿ, ಆದ್ರೆ ಯಾರಿಗೂ ತೋರಿಸಬೇಡ." ಅವಳು ಬೇಡ ಎಂದದ್ದನ್ನೆಲ್ಲ ಚಿಜುಕೊ ಅಳಿಸಿದಳು. ತನಗೆ ಬಲು ಇಷ್ಟವಾಗಿದ್ದ, ಮಳೆಯಲ್ಲಿ ಹರಿದ ಚಪ್ಪಲಿ ಕೈಯಲ್ಲಿ ಹಿಡಿದು ದಿಲ್ಸರಾ ಓಡುವ ಚಿತ್ರವೂ ಹೋಯಿತು. ಅದಕ್ಕೆ ವಾದ ಮಾಡಬೇಕೆನಿಸಿದರೂ ಅಳಿಸುವ ಗುಂಡಿಯನ್ನೇ ಒತ್ತಿದಳು. ಮಗ್ಗದ ಮೇಲೆ ಮಲಗಿದ ಚಿತ್ರ ಬಂದಾಗ ದಿಲ್ಸರಾ ಸುಮಾರು ಹೊತ್ತು ನೋಡಿದಳು.

"ಚೆನ್ನಾಗೇ ಇದೀನಿ," ಎಂದು ಮುಂದಿನದಕ್ಕೆ ಹೋದಳು.

ಅಲ್ಲಿಂದ ಮಾತುಕತೆ ನಿಧಾನವಾಗಿ ಶುರುವಾಯಿತು, ಮೊದಲಿನಷ್ಟಲ್ಲದಿದ್ದರೂ.

ಟೇಕ್ ಅಷ್ಟರಲ್ಲಿ ಕೆಳಗಿನ ಬುಟ್ವಲ್ ಪಟ್ಟಣದ ದಾರಿಯಲ್ಲಿ ಜೀಪು ಓಡಿಸುವ ಕೆಲಸ ಹಿಡಿದಿದ್ದ. ಚೈತ್ರದಲ್ಲಿ ಒಂದು ದಿನ ನೂಲು ತರಲು ಚಿಜುಕೊ ಅವನದೇ ಜೀಪಿನಲ್ಲಿ ಹೊರಟಳು. ಗುಡ್ಡ ಕುಸಿದು ದಾರಿ ಕಟ್ಟಿತ್ತು. ಮಿಕ್ಕ ಪ್ರಯಾಣಿಕರು ಇಳಿದು ಚಹಾ ಅಂಗಡಿಗೆ ಹೋದರು. ಟೇಕ್ ಇಂಜಿನ್ ಆರಿಸಿ, ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತ.

"ನನ್ನಿಂದ ನಿಮ್ಮ ಕೆಲಸ ಹೋಯ್ತು ಟೇಕ್ ಭಾಯ್," ಎಂದಳು ಚಿಜುಕೊ. ಎಷ್ಟನೆಯ ಸಲವೋ.

"ಹಾಗನ್ನಬೇಡಿ ದಿದಿ. ನೀವು ಒಂದೊಂದು ಸಲ ಅಂದಾಗಲೂ ನನಗೆ ನಾಚಿಕೆಯಾಗುತ್ತೆ." ಅವನು ಮುಂದಿದ್ದ ಲಾರಿಯನ್ನೇ ನೋಡುತ್ತಿದ್ದ. "ಹಾಡಿನ ಕತೆ ನೀವು ಫೋನಲ್ಲಿ ಹೇಳಿದಾಗ ನಾನು ಟಿಕೆಟ್ ತಗೊಂಡಿರಲಿಲ್ಲ. ಮಾರನೇ ದಿನ ತಗೊಂಡೆ."

ಚಿಜುಕೊಗೆ ತಕ್ಷಣ ಅರ್ಥವಾಗಲಿಲ್ಲ.

"ದಿನಕ್ಕೆ ಹನ್ನೆರಡು ಗಂಟೆ ಕಾರ್ಖಾನೆ ಗೇಟಲ್ಲಿ ನಿಲ್ಲೋದು. ಕೂರೋ ಹಾಗಿಲ್ಲ. ಎರಡು ವರ್ಷದಿಂದ ಓಡಿ ಬರಬೇಕು ಅಂತಿದ್ದೆ. ಸುಮ್ಮನೆ ಬಂದ್ರೆ ಊರವರು ಏನಂತಾರೆ? ಆ ಫೋಟೋ ಬಂತು. ಹೆಂಡತಿ ಕಷ್ಟ ನೋಡಲಾರದೆ ಬಂದ ಅಂದ್ರೆ ಯಾರೂ ಕೊಂಕು ಆಡಲ್ಲ. ಅವಳಿಗೆ ಹೇಳಬೇಡಿ."

ಮೊದಲು ಚಿಜುಕೊಳ ಎದೆಯಿಂದ ಭಾರ ಇಳಿದಂತಾಯಿತು. ಹಿಂದೆಯೇ ಸಿಟ್ಟು ಬಂತು. ಮೂರು ತಿಂಗಳು ಅವಳು ಆ ಮನೆಯ ಮುಂದೆ ತಲೆತಗ್ಗಿಸಿ ಓಡಾಡಿದ್ದಳು.

"ನಾನು ಹೇಳಲ್ಲ," ಎಂದಳು. "ನೀವೇ ಹೇಳಿ. ಶನಿವಾರ ಊಟಕ್ಕೆ ಬರ್ತೀನಿ. ಅಷ್ಟರೊಳಗೆ ಆಗದಿದ್ರೆ ನನ್ನ ಎದುರಿಗೇ ಹೇಳಿ."

ಶನಿವಾರದವರೆಗೂ ಅವನಿಗೆ ಬಾಯಿ ಬರಲಿಲ್ಲ. ಎಲ್ಲರೂ ತಟ್ಟೆಯ ಮುಂದೆ ಕೂತ ಮೇಲೆ, ಚಿಜುಕೊ ಅವನ ಮುಖ ನೋಡಿದಾಗ, ಗೇಟಿನಲ್ಲಿ ನಿಲ್ಲುವುದು, ಟಿಕೆಟ್ಟು ಎಲ್ಲವನ್ನೂ ಅನ್ನ ಕಲಸುತ್ತಲೇ ಹೇಳಿ ಮುಗಿಸಿದ. ಅತ್ತೆಯ ಕೈ ನಿಂತಿತು. ದಿಲ್ಸರಾ ಸೌಟು ಹಿಡಿದೇ ಇದ್ದಳು.

"ಎರಡು ವರ್ಷದಿಂದಲಾ?"

"ಹೂಂ."

"ವಾರವಾರ ಫೋನಲ್ಲಿ ಆರಾಮಾಗಿದೀನಿ ಅಂತಿದ್ದೆಯಲ್ಲ?"

"ಅಂತಿದ್ದೆ."

"ನಾನು ಹೇಳಿದ ನಿಜಾನ ನೀನು ನಂಬಲಿಲ್ಲ. ನೀನು ಹೇಳಿದ ಸುಳ್ಳನ್ನ ನಾನು ನಂಬಿಕೊಂಡು ಕುಣಿದೆ."

ಟೇಕ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಅತ್ತೆ ಮಗನ ಬೆನ್ನಿನ ಮೇಲೆ ಕೈಯಿಡಹೋಗಿ, ಸೊಸೆಯ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡಳು. ದಿಲ್ಸರಾ ಎದ್ದು ಒಲೆಯ ಬಳಿ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ನಿಂತಳು. ಚಿಜುಕೊಗೆ ತಾನು ಎದ್ದು ಹೋಗಬೇಕೋ ಇರಬೇಕೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ದಿಲ್ಸರಾ ಚುಕೌನಿಯ ಪಾತ್ರೆ ಹಿಡಿದು ಬಂದಳು. ಮೊಸರಿನಲ್ಲಿ ಕಲಸಿದ ಆಲೂಗಡ್ಡೆಯನ್ನು ಮೊದಲು ಅತ್ತೆಗೆ ಬಡಿಸಿದಳು, ಆಮೇಲೆ ಚಿಜುಕೊಗೆ. ಗಂಡನ ಮುಂದೆ ಬಂದಾಗ ನಿಂತಳು.

"ಕಾಲು ಈಗಲೂ ನೋಯುತ್ತಾ?"

"ಸಂಜೆ ಹೊತ್ತು ನೋಯುತ್ತೆ."

"ಅದನ್ನೂ ಇವತ್ತೇ ಹೇಳ್ತಿದೀಯ," ಎಂದು ಅವಳು ಅವನ ತಟ್ಟೆಗೆ ಎರಡು ಸೌಟು ಹಾಕಿದಳು.