ಬಾಗಿಲ ಮೇಲಿನ ಬಂಗುಡೆ

ಜಪಾನಿನ ಕಡಲೂರು ವಾಜಿಮದ ತೊಕುಜಿ, ಸತ್ತವರಿಗೂ ಊದುಬತ್ತಿ ಹಚ್ಚುವ ಮನೆಮನೆಯ ಬುದ್ಧನ ಮರದ ಗೂಡುಗಳಿಗೆ ಕಪ್ಪು ಅರಗು ಬಳಿದು, ಅದರ ಮೇಲೆ ಚಿನ್ನದ ಪುಡಿಯಲ್ಲಿ ಕಮಲ ಬರೆಯುತ್ತಿದ್ದ. ಮೀನುಗಾರ ಗಂಡನನ್ನು ಕಡಲಿನಲ್ಲಿ ಕಳೆದುಕೊಂಡ ವರ್ಷ ಶಿಗೆನೊ ಅವನಲ್ಲಿಗೆ ಬಂದು, ತನ್ನ ಗೂಡಿನ ಬಾಗಿಲಿಗೆ ಬಂಗುಡೆ ಮೀನು ಬರೆದುಕೊಡಲು ಕೇಳಿದಳು.

"ಬುದ್ಧನ ಮುಂದೆ ಮೀನಾ? ಇವತ್ತು ಮೀನು ಅಂತೀಯ, ನಾಳೆ ಬಾಣಲೆನೂ ಬರಿ ಅಂತೀಯ!"

"ನಗಬೇಡಿ ಅಣ್ಣ. ನಮ್ಮನೆಯವರು ಹಿಡಿದು ಕೊಂದಿದ್ದಕ್ಕೆ ಲೆಕ್ಕ ಇಲ್ಲ. ಅವರಿಗೆ ಊದುಬತ್ತಿ ಹಚ್ಚೋಕೆ ನಾನಿದೀನಿ. ಆ ಮೀನುಗಳಿಗೆ ಯಾರಿದಾರೆ?"

ಮೀನು ಬರೆದು ಅಭ್ಯಾಸವಿಲ್ಲದ ತೊಕುಜಿ ಮರುದಿನ ಸಂತೆಯಿಂದ ಒಂದು ಬಂಗುಡೆ ತಂದು, ಅದು ನಾರುವವರೆಗೂ ಎದುರಿಗಿಟ್ಟುಕೊಂಡು ನೋಡಿದ. ಬೇಸಿಗೆ ಮುಗಿಯುವ ಹೊತ್ತಿಗೆ ಗೂಡಿನ ಎರಡೂ ಬಾಗಿಲುಗಳ ಮೇಲೆ ಚಿನ್ನದ ಮೀನುಗಳು ಮೂಡಿದ್ದವು.

ಶಿಗೆನೊಳ ಗಂಡನ ವರ್ಷಾಬ್ದಿಕದ ದಿನ ಬಂದ ಭಿಕ್ಷು ಅವನ್ನು ಕಂಡೂ ಎಂದಿನಂತೆ ಸೂತ್ರ ಪಠಿಸಿ ಮುಗಿಸಿದರು. ಶಿಗೆನೊಳ ಅತ್ತೆ ಮಾತ್ರ ಹತ್ತಿರ ಹೋಗಿ ಬಗ್ಗಿ ನೋಡಿದಳು.

"ಇಷ್ಟು ದಪ್ಪದ್ದನ್ನ ನನ್ನ ಮಗ ಜನ್ಮದಲ್ಲೇ ಹಿಡಿದಿರಲಿಲ್ಲ ಬಿಡು," ಎಂದಳು.

ಶಿಗೆನೊ ನಗು ತಡೆಯಲಾರದೆ, ಚಹಾ ತರುವ ನೆಪದಲ್ಲಿ ಒಳಗೆ ಹೋದಳು.