ಕುಣಿಯೊಳಗೆ ಇಬ್ಬರು

“ತಲಿ ಹಿಡ್ಕೊಳ್ರಿ ಮಾವ, ಮತ್ತ ವಾಲಾಕತ್ತೈತಿ,” ಎನ್ನುತ್ತ ಕಾಂತೇಶ್ ಅಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದ.

ಪಾಲಾಕ್ಷಪ್ಪ ಬಗಲಲ್ಲಿದ್ದ ಕಂಬಳಿ ತುಂಡನ್ನು ನೆಲಕ್ಕಿಟ್ಟು ಗೆಳೆಯ ಯರ್ರೆಪ್ಪನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದ. ಬದುಕಿದ್ದಾಗಲೂ ಇವನು ನೆಟ್ಟಗೆ ಕೂತವನಲ್ಲ. ಧ್ಯಾನಕ್ಕೆ ಕೂತ ತುಸು ಹೊತ್ತಿಗೇ ಬೆನ್ನು ಬಾಗುತ್ತಿತ್ತು. ಈಗಲೂ ಅದೇ ಮೊಂಡುತನ ಎಂದು ಪಾಲಾಕ್ಷಪ್ಪನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

ಗುಡೇಕೋಟೆಯ ಆ ಮನೆಯಂಗಳದಲ್ಲಿ ಜನ ಸೇರಿದ್ದರು. ಕೊಟ್ಟೂರಿನ ಸತ್ಸಂಗದ ಗಾದಿಲಿಂಗಪ್ಪ, ಯರ್ರೆಪ್ಪನ ಹೆಂಡತಿ ಭರಮಮ್ಮನ ಮುಂದೆ ಕೂತು ಉಪದೇಶಕ್ಕೆ ತೊಡಗಿದ್ದ.

“ಅಳಬಾರ್ದವ್ವಾ. ಎರಡಿದ್ರ ತಾನ ಒಂದು ಹೋಗೋದು? ಇರೋದೇ ಒಂದು. ಹೋದೋರ್ಯಾರು, ಉಳದೋರ್ಯಾರು?”

“ಉಳದಾಕಿ ನಾನದೀನ್ರಿ,” ಎಂದಳು ಭರಮಮ್ಮ.

ಗಾದಿಲಿಂಗಪ್ಪ ಮೊಬೈಲು ತೆಗೆದು ನೋಡತೊಡಗಿದ. ಬೇರೆ ದಿನವಾಗಿದ್ದರೆ ಪಾಲಾಕ್ಷಪ್ಪನೂ ಅದೇ ಮಾತು ಆಡುತ್ತಿದ್ದನೇನೋ. ಇವತ್ತು ಅವನ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ಇಬ್ಬರೂ ಧ್ಯಾನದಲ್ಲಿ ಹುಡುಕಿದ್ದು ಯರ್ರೆಪ್ಪನಿಗೆ ಸಿಕ್ಕಿತ್ತೋ, ಇಲ್ಲಾ ಸೋತು ಕೈಬಿಟ್ಟನೋ?

*

ಮೀಸೆ ಚಿಗುರುವ ವಯಸ್ಸಿನಲ್ಲಿ ಇಬ್ಬರೂ ಕೊಟ್ಟೂರಿಗೆ ಕುರಿ ಮಾರಲು ಹೋಗಿ ಒಂದು ಪ್ರವಚನ ಕೇಳಿದ್ದರು. ಎರಡೆಂಬುದಿಲ್ಲ, ನಾನು ಯಾರೆಂದು ಕೇಳಿಕೊಳ್ಳಿ ಎಂದಿದ್ದರು ಸ್ವಾಮಿಗಳು. ಊರಿಗೆ ಬಂದವನೇ ಯರ್ರೆಪ್ಪ ತನ್ನ ಕಂಬಳಿಯನ್ನು ಕತ್ತರಿಸಿ ಅರ್ಧ ಪಾಲಾಕ್ಷಪ್ಪನಿಗೆ ಕೊಟ್ಟ. ಅಂದಿನಿಂದ ಸಂಜೆ ಕುರಿಗಳನ್ನು ದೊಡ್ಡಿಗೆ ಕೂಡಿದ ಮೇಲೆ ಇಬ್ಬರೂ ಗುಡ್ಡದ ಹಾಸುಬಂಡೆಯ ಮೇಲೆ ಕಂಬಳಿ ಹಾಸಿ ಕೂರುತ್ತಿದ್ದರು. ಆ ಸಂಜೆಗಳು ತಪ್ಪಬಾರದೆಂದು ಪಾಲಾಕ್ಷಪ್ಪ ಹರಪನಹಳ್ಳಿಯ ಮಗಳ ಮನೆಯಲ್ಲಿ ಒಂದು ರಾತ್ರಿಯೂ ಉಳಿದವನಲ್ಲ.

ಎರಡು ವರ್ಷದ ಹಿಂದೆ ಯರ್ರೆಪ್ಪ, “ಇನ್ನ ನಾ ಬರಾಂಗಿಲ್ಲಲೇ,” ಎಂದ.

“ಯಾಕಲೇ, ಸಿಕ್ತೇನು?”

ಯರ್ರೆಪ್ಪ ಸುಮ್ಮನೆ ನಕ್ಕ.

ಆ ನಗೆ ಪಾಲಾಕ್ಷಪ್ಪನನ್ನು ಬಂಡೆಗೆ ಕಟ್ಟಿಹಾಕಿತು. ಇವನಿಗೆ ಸಿಕ್ಕಿದ್ದು ನನಗೂ ಸಿಕ್ಕೀತು ಎಂದು ಒಬ್ಬನೇ ಕೂತ. ಕೂತಷ್ಟೂ ಕಾಲು ಜೋಮು ಹಿಡಿಯಿತೇ ಹೊರತು ಬೇರೇನೂ ಆಗಲಿಲ್ಲ.

*

ಹೆಣ ಎತ್ತುವ ಮುಂಚೆ ಅವನು ತಡೆಯಲಾರದೆ ಭರಮಮ್ಮನ ಹತ್ತಿರ ಕೂತ.

“ತಂಗೀ, ಅವ ಕುಂದ್ರೋದು ಯಾಕ ಬಿಟ್ಟ? ಏನಾರ ತಿಳಿದಿತ್ತೇನು?”

ಅವಳು ದನಿ ಬಂದ ಕಡೆ ಮುಖ ತಿರುಗಿಸಿದಳು. “ನನ್ನ ಕಣ್ಣು ಮಬ್ಬಾದ್ವಲ್ಲಣ್ಣಾ. ಹೊತ್ತು ಮುಳುಗಿದ್ರ ಒಲಿ ಮುಂದ ಕೈ ಸುಟ್ಕೊಂತಿದ್ದೆ. ಅದಕ್ಕ ಸಂಜಿ ರೊಟ್ಟಿ ತಾನ ಬಡೀತಿದ್ದ.”

“ಅಷ್ಟೇನಾ?”

“ಅಷ್ಟ. ‘ಪಾಲಾಕ್ಷ ಇನ್ನಾ ಕುಂದ್ರತಾನ, ಅವಂಗ ಸಿಕ್ಕಿದ್ರ ನನಗ ಹೇಳದ ಇರ್ತಾನೇನು’ ಅಂತಿದ್ದ. ನೀವು ಗುಡ್ಡ ಇಳಿಯೋ ಹೊತ್ತಿಗೆ ರೊಟ್ಟಿ ಬಡಿಯೋದು ನಿಲ್ಸಿ ಹೆಜ್ಜಿ ಸಪ್ಪಳ ಕೇಳ್ತಿದ್ದ. ನೀವು ಬಾಗಿಲು ದಾಟಿ ಹೋಗಿಬಿಡ್ತಿದ್ರಿ.”

ಪಾಲಾಕ್ಷಪ್ಪ ಅವನ ನಗೆಯನ್ನು ನಂಬಿ ಕೂತಿದ್ದ. ಯರ್ರೆಪ್ಪ ಇವನನ್ನು ನಂಬಿ ಬಾಗಿಲಿಗೆ ಕಿವಿಗೊಟ್ಟಿದ್ದ. ಇಬ್ಬರ ಕೈಯಲ್ಲೂ ಏನೂ ಇರಲಿಲ್ಲ.

*

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ತಳದಲ್ಲಿ ಕಾಂತೇಶ್ ಅಪ್ಪನ ಕಂಬಳಿ ತುಂಡು ಹಾಸಿದ್ದ. ಹೆಣವನ್ನು ಅದರ ಮೇಲೆ ಕೂರಿಸಲು ಪಾಲಾಕ್ಷಪ್ಪನೇ ಕೆಳಗಿಳಿದ. ಕೈ ಬಿಟ್ಟಾಗಲೆಲ್ಲ ಯರ್ರೆಪ್ಪನ ತಲೆ ವಾಲಿ ಅವನ ಹೆಗಲಿಗೆ ಬಂದು ನಿಲ್ಲುತ್ತಿತ್ತು. ಬಂಡೆಯ ಮೇಲೆ ಅಷ್ಟು ವರ್ಷ ಕೂತರೂ ಇಬ್ಬರ ಹೆಗಲು ಒಮ್ಮೆಯೂ ತಾಗಿರಲಿಲ್ಲ.

“ಮ್ಯಾಲ ಬರ್ರಿ ಮಾವ, ಮಣ್ಣು ಎಳೀತೀವಿ.”

“ತಡೀಲೇ, ತಲಿ ನಿಂದ್ರವಲ್ದು. ನನ್ನ ಕಂಬಳಿ ಕೆಳಗ ಒಗಿ.”

“ಅದು ನೀವು ಕುಂದ್ರೋದಲ್ಲೇನ್ರಿ? ಸಂಜಿಗಿ?”

“ಒಗೀಲೇ.”

ಪಾಲಾಕ್ಷಪ್ಪ ಕಂಬಳಿಯನ್ನು ಮಡಚಿ ಗೆಳೆಯನ ಕುತ್ತಿಗೆಗೂ ಕುಣಿಯ ಗೋಡೆಗೂ ನಡುವೆ ಒತ್ತಿ ತುರುಕಿದ. ತಲೆ ನಿಂತಿತು. ಯರ್ರೆಪ್ಪ ನೆಟ್ಟಗೆ ಕೂತ.

ಪಾಲಾಕ್ಷಪ್ಪ ಕಾಂತೇಶನ ಕೈ ಹಿಡಿದು ಮೇಲೆ ಹತ್ತಿದ. ಮಣ್ಣು ಬೀಳತೊಡಗಿತು. ಕಂಬಳಿಯ ಕತ್ತರಿಸಿದ ಅಂಚು ಯರ್ರೆಪ್ಪನ ಕಿವಿಯ ಪಕ್ಕ ಒಂದಷ್ಟು ಹೊತ್ತು ಕಾಣುತ್ತಿತ್ತು. ಆಮೇಲೆ ಅದೂ ಮುಚ್ಚಿಹೋಯಿತು.